ಎಲುಬುಗಳಿಗೆ ಗುರುತು ಹೇಳಿದ ಗಡಿಯೂರಿನ ಪಂಡಿತ – ಜಾರ್ಜ್ ಕ್ಯೂವಿಯೇ

ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ಸ್ವಿಟ್ಜರ್‌ಲೆಂಡಿನ ಬೆಟ್ಟಗಳಿಗೆ ಸಮೀಪವಾಗಿ, ಮೋಂಬೇಲಿಯಾರ್ ಎಂಬ ಪಟ್ಟಣವಿದೆ. ಇಂದು ಅದು ಫ್ರಾನ್ಸಿಗೆ ಸೇರಿದ ಊರು. ಹದಿನೆಂಟನೆಯ ಶತಮಾನದಲ್ಲಿ ಹಾಗಿರಲಿಲ್ಲ. ಊರಿನವರ ಮನೆಮಾತು ಫ್ರೆಂಚ್. ಊರಿನ ಒಡೆಯನು ಮಾತ್ರ ರೈನ್ ನದಿಯ ಆಚೆಗಿನ ವುರ್ಟೆಂಬರ್ಗ್ ಸೀಮೆಯ ಜರ್ಮನ್ ಡ್ಯೂಕ್. ಸುತ್ತಲಿನ ಫ್ರೆಂಚ್ ನಾಡೆಲ್ಲ ಕಥೋಲಿಕ ಮತದ್ದಾಗಿದ್ದರೆ, ಈ ಊರು ಲೂಥರನ ಮತವನ್ನು ಹಿಡಿದಿದ್ದಿತು. ಮಕ್ಕಳು ಮನೆಯಲ್ಲಿ ಒಂದು ಮಾತನ್ನಾಡಿ, ಹೆಚ್ಚಿನ ವಿದ್ಯೆಗೆಂದು ಇನ್ನೊಂದು ಮಾತಿನ ರಾಜಧಾನಿಗೆ ಹೋಗಬೇಕಾಗಿದ್ದಿತು. ಈ ಸ್ಥಿತಿ ಎಂಥದೆಂಬುದನ್ನು ಈ ಸ್ಮರಣ ಸಂಚಿಕೆಯನ್ನು ಓದುವ ಮನೆಗಳಿಗೆ ನಾವು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಆ ಊರಿನಲ್ಲಿ 1769ನೆಯ ಇಸವಿ ಆಗಸ್ಟ್ 23ರಂದು ಜಾರ್ಜ್ ಕ್ಯೂವಿಯೇ ಜನಿಸಿದನು. ತಂದೆಯು ಫ್ರಾನ್ಸಿನ ದೊರೆಯ ಸೇವೆಯಲ್ಲಿದ್ದ ಸ್ವಿಸ್ ದಳವೊಂದರ ಅಧಿಕಾರಿಯಾಗಿದ್ದು ನಿವೃತ್ತನಾದವನು. ಸಂಸಾರವು ಅಲ್ಪ ವೇತನದಲ್ಲಿ ಸಾಗಬೇಕಾಗಿದ್ದಿತು. ಮಗುವಿಗೆ ಚರ್ಚಿನಲ್ಲಿ ಇಟ್ಟ ಹೆಸರುಗಳು ಬೇರೆ. ತೀರಿಕೊಂಡ ಹಿರಿಯ ಮಗನ ಹೆಸರು ಜಾರ್ಜ್ ಎಂದಿದ್ದುದರಿಂದ ತಾಯಿಯು ಈತನನ್ನೂ ಅದೇ ಹೆಸರಿನಿಂದ ಕರೆಯತೊಡಗಿದಳು. ಕೊನೆಯವರೆಗೂ ಅದೇ ನಿಂತಿತು. ಅಶಕ್ತನಾದ ಈ ಹುಡುಗನನ್ನು ವಿದ್ಯೆಗೆ ಹಚ್ಚಿದವಳು ಆ ತಾಯಿಯೇ. ತನಗೆ ಲ್ಯಾಟಿನ್ ಬಾರದಿದ್ದರೂ ದಿನವೂ ಮಗನಿಂದ ಲ್ಯಾಟಿನ್ ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದಳಂತೆ. ಬಂಧುವೊಬ್ಬನ ಮನೆಯಲ್ಲಿ ಬುಫೋನನ ಪ್ರಾಣಿಚರಿತ್ರೆಯ ಸಂಪುಟಗಳಿದ್ದವು. ಬಾಲಕನು ಅವುಗಳಲ್ಲಿನ ಚಿತ್ರಗಳನ್ನು ಒಂದೊಂದಾಗಿ ನಕಲು ಮಾಡಿ, ವರ್ಣನೆಯನ್ನು ಓದಿ ಅದರಂತೆ ಬಣ್ಣ ತುಂಬುತ್ತಿದ್ದನು. ಓದಿದುದನ್ನು ಕಣ್ಣಿಗೆ ಕಾಣುವಂತೆ ಬರೆಯುವ ಆ ಕೈವಾಡವೇ ಮುಂದೆ ಆತನ ಶಾಸ್ತ್ರಕ್ಕೆ ಅರ್ಧ ಬಲವಾಯಿತು.

1784ರಲ್ಲಿ ಡ್ಯೂಕನ ಕೃಪೆಯಿಂದ ಆತನಿಗೆ ಸ್ಟುಟ್‌ಗಾರ್ಟಿನ ವಿದ್ಯಾಪೀಠದಲ್ಲಿ ಸ್ಥಾನ ದೊರೆಯಿತು. ಅಲ್ಲಿ ಕಾಲಿಟ್ಟಾಗ ಜರ್ಮನ್ ಆಡಲು ಬಾರದು. ವರ್ಷ ತುಂಬುವುದರೊಳಗೆ ಜರ್ಮನ್ ಭಾಷೆಯಲ್ಲಿಯೇ ಬಹುಮಾನವನ್ನು ಪಡೆದನು. ಭಾಷಾಬೋಧನೆಯನ್ನೇ ವೃತ್ತಿಯಾಗುಳ್ಳ ನಾವು ಇಲ್ಲಿ ಒಂದು ಕ್ಷಣ ನಿಲ್ಲದಿರಲಾರೆವು. ಆತನು ತನ್ನ ಹಿರಿಯ ಗ್ರಂಥಗಳನ್ನು ಬರೆದುದು ತಾಯ್ನುಡಿಯಾದ ಫ್ರೆಂಚಿನಲ್ಲಿ. ಆದರೆ ಜರ್ಮನ್ ಪಂಡಿತರ ಬರಹಗಳನ್ನೂ ಪತ್ರಗಳನ್ನೂ ನೇರವಾಗಿ ಓದಬಲ್ಲವರು ಆಗಿನ ಪ್ಯಾರಿಸ್ಸಿನಲ್ಲಿ ವಿರಳವಾಗಿದ್ದರು, ಕ್ಯೂವಿಯೇ ಅಂಥವರಲ್ಲೊಬ್ಬನಾದನು. ಗಡಿಯೂರು ಕೊಟ್ಟ ಈ ಎರಡು ನಾಲಗೆಗಳ ಸೌಕರ್ಯವನ್ನು ಆತನು ಜೀವಮಾನವೆಲ್ಲ ಬಳಸಿಕೊಂಡನು.

ವಿದ್ಯಾಪೀಠದಲ್ಲಿ ಕಲಿತುದು ರಾಜ್ಯಾಡಳಿತ ಶಾಸ್ತ್ರ. ಬಿಡುವಿನ ವೇಳೆಯಲ್ಲಿ ಮಾಡಿದುದು ಕೀಟಗಳ ಸಂಗ್ರಹ ಮತ್ತು ಪ್ರಾಣಿಗಳ ಅಂಗಚ್ಛೇದ. 1788ರಲ್ಲಿ ವಿದ್ಯಾಭ್ಯಾಸ ಮುಗಿದಾಗ ಡ್ಯೂಕನ ಬಳಿ ಕೆಲಸ ದೊರೆಯಲಿಲ್ಲ. ಹೊಟ್ಟೆಪಾಡಿಗಾಗಿ ಫ್ರಾನ್ಸಿನ ನಾರ್ಮಂಡಿ ಪ್ರಾಂತಕ್ಕೆ ಹೋಗಿ ಸಿರಿವಂತರ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯನಾದನು. ಫ್ರಾನ್ಸಿನ ಮಹಾಕ್ರಾಂತಿ ನಡೆದ ವರ್ಷಗಳೆಲ್ಲ ಆತನಿಗೆ ಕಳೆದುದು ಆ ಕಡಲ ಸೀಮೆಯಲ್ಲಿ. ಪ್ಯಾರಿಸ್ಸಿನಲ್ಲಿ ತಲೆಗಳು ಉರುಳುತ್ತಿದ್ದಾಗ ಈ ಬಡ ಉಪಾಧ್ಯಾಯನು ಮೃದ್ವಂಗಿಗಳನ್ನು ಸೀಳಿ, ಒಳಗಿನ ನರಗಳನ್ನೂ ಹೃದಯವನ್ನೂ ಚಿತ್ರಿಸುತ್ತ ಕುಳಿತಿದ್ದನು. 1793ರಲ್ಲಿ ಮೋಂಬೇಲಿಯಾರ್ ಫ್ರಾನ್ಸಿನ ವಶವಾಯಿತು. ಇದ್ದಲ್ಲಿಯೇ ಇದ್ದು ಆತನು ಬೇರೊಂದು ರಾಜ್ಯದ ಪ್ರಜೆಯಾದನು. ಪ್ಯಾರಿಸ್ಸಿನಿಂದ ತಲೆತಪ್ಪಿಸಿಕೊಂಡು ಆ ಕಡೆಗೆ ಬಂದಿದ್ದ ತೆಸಿಯೇ ಎಂಬ ವಿದ್ವಾಂಸನು ಈತನ ಯೋಗ್ಯತೆಯನ್ನು ಕಂಡು ರಾಜಧಾನಿಯ ಮಿತ್ರರಿಗೆ ಬರೆದನು. 1795ರಲ್ಲಿ ಕ್ಯೂವಿಯೇ ಪ್ಯಾರಿಸ್ಸಿಗೆ ಬಂದು, ಅಲ್ಲಿನ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಗಳ ಅಂಗರಚನೆಯನ್ನು ಕಲಿಸುವ ವೃದ್ಧ ಪ್ರಾಧ್ಯಾಪಕನಿಗೆ ಸಹಾಯಕನಾದನು. ಆಗ ಆತನಿಗೆ ಇಪ್ಪತ್ತೈದು ವರ್ಷ.

ನೆಲದೊಳಗಿಂದ ಬರುವ ಕಲ್ಲಾದ ಎಲುಬುಗಳನ್ನು ಆ ಕಾಲದ ಜನ ಏನೆಂದು ತಿಳಿದಿದ್ದರೆಂಬುದನ್ನು ಇಲ್ಲಿ ಹೇಳಬೇಕು. ದೊಡ್ಡ ಎಲುಬು ಸಿಕ್ಕರೆ ಹಳ್ಳಿಗರು ಅದನ್ನು ದೈತ್ಯರದೆನ್ನುತ್ತಿದ್ದರು. ಪಾದ್ರಿಗಳು ಬೈಬಲ್ಲಿನ ಜಲಪ್ರಳಯದಲ್ಲಿ ಮುಳುಗಿದ ಜೀವಿಗಳದೆನ್ನುತ್ತಿದ್ದರು. ಇದಕ್ಕಾಗಿ ನಾವು ನಗಬೇಕಾಗಿಲ್ಲ. ಹಂಪೆಯ ಬಳಿ ನಿಂಬಾಪುರದ ಬೂದಿಗುಡ್ಡವನ್ನು ನಮ್ಮ ಹಿರಿಯರು ವಾಲಿಯ ದಹನಸ್ಥಳವೆಂದು ತೋರಿಸುತ್ತ ಬಂದಿಲ್ಲವೆ? ಕೌತುಕವುಳ್ಳವರು ಯೂರೋಪಿನ ಊರೂರಿನಲ್ಲಿಯೂ ಇದ್ದರು. ವೈದ್ಯನೋ ವಕೀಲನೋ ಪಾದ್ರಿಯೋ ಆದ ಇಂಥವನು ಕಲ್ಲುಗಣಿಯ ಕೂಲಿಗಳಿಗೆ ನಾಲ್ಕು ಕಾಸು ಕೊಟ್ಟು ಸಿಕ್ಕಿದುದನ್ನು ಕೊಂಡು, ಮನೆಯ ಕಪಾಟಿನಲ್ಲಿ ತುಂಬಿಡುತ್ತಿದ್ದನು. ಏನೆಂದು ಹೇಳುವವರಿಲ್ಲ. ಒಡೆಯನು ಸತ್ತರೆ ಕಪಾಟು ಹರಾಜಾಗುತ್ತಿದ್ದಿತು. ಎಲುಬು ಎಲ್ಲಿ ಸಿಕ್ಕಿತೆಂಬುದೂ ಅದರೊಡನೆ ಮರೆತುಹೋಗುತ್ತಿದ್ದಿತು.

ಕ್ಯೂವಿಯೇ ಮೊದಲು ಕೈಯಿಕ್ಕಿದುದು ಆನೆಗಳ ವಿಷಯಕ್ಕೆ. ಫ್ರೆಂಚ್ ಸೇನೆಯು ಹಾಲೆಂಡಿನಿಂದ ಹೊತ್ತು ತಂದಿದ್ದ ಸಂಗ್ರಹದಲ್ಲಿ ಎರಡು ಆನೆಯ ತಲೆಬುರುಡೆಗಳಿದ್ದವು. ಒಂದು ಸಿಂಹಳದ್ದು, ಇನ್ನೊಂದು ಆಫ್ರಿಕದ ದಕ್ಷಿಣ ತುದಿಯದು. ನಮ್ಮ ಆನೆಯ ದವಡೆಹಲ್ಲಿನ ಮೇಲ್ಮೈಯಲ್ಲಿ ಅಡ್ಡಡ್ಡವಾಗಿ ಕಿರಿದಾದ ಪಟ್ಟಿಗಳಿರುತ್ತವೆ. ಆಫ್ರಿಕದ ಆನೆಯದರಲ್ಲಿ ವಜ್ರಾಕೃತಿಯ ಗೆರೆಗಳು. ಅವೆರಡೂ ಬೇರೆಬೇರೆ ಜಾತಿಗಳೆಂದು ಆತನು 1796ರಲ್ಲಿ ತೋರಿಸಿದನು. ಅದಕ್ಕಿಂತ ಮಿಗಿಲಾದುದು ಮುಂದಿನ ಮಾತು. ಸೈಬೀರಿಯದ ಹಿಮನೆಲದಲ್ಲಿ ದೊರೆಯುತ್ತಿದ್ದ ಮ್ಯಾಮತ್ ಈ ಎರಡಕ್ಕೂ ಸೇರಿದುದಲ್ಲ. ಅದು ಮೂರನೆಯ ಜಾತಿ, ಮತ್ತು ಅದು ಭೂಮಿಯ ಮೇಲೆ ಈಗ ಎಲ್ಲಿಯೂ ಇಲ್ಲ. ಸೃಷ್ಟಿಕರ್ತನು ಮಾಡಿದ ಯಾವ ಜಾತಿಯೂ ಪೂರ್ತಿಯಾಗಿ ಅಳಿಯಲಾರದೆಂದು ನಂಬಿದ್ದ ಕಾಲವದು. ಅಮೆರಿಕದ ಜೆಫರ್ಸನ್ನನಂಥ ಮೇಧಾವಿಯೂ ತನ್ನ ನಾಡಿನಲ್ಲಿ ಎಲುಬುಗಳು ದೊರೆತ ಮಹಾಗಜವು ಪಶ್ಚಿಮದ ಕಾಡುಗಳಲ್ಲೆಲ್ಲೋ ಇನ್ನೂ ಅಡ್ಡಾಡುತ್ತಿರಬಹುದೆಂದು ಎಣಿಸಿದ್ದನು. ಕ್ಯೂವಿಯೇ ವಾದವು ಸರಳವಾದುದು: ಸಮುದ್ರದ ಸಣ್ಣ ಚಿಪ್ಪೊಂದು ಎಲ್ಲಿಯೋ ಅಡಗಿರಬಹುದು, ಆನೆಗಾತ್ರದ ಪ್ರಾಣಿಯು ಬೇಟೆಗಾರರ ಕಣ್ಣಿಗೂ ಪ್ರಯಾಣಿಕರ ಕಣ್ಣಿಗೂ ಬೀಳದೆ ಹೇಗೆ ಅಡಗೀತು? ಅದೇ ವರ್ಷ ದಕ್ಷಿಣ ಅಮೆರಿಕದಿಂದ ಸ್ಪೇನಿನ ಮ್ಯಾಡ್ರಿಡ್ ನಗರಕ್ಕೆ ಬಂದಿದ್ದ ಭಾರಿ ಎಲುಬುಗೂಡೊಂದರ ಚಿತ್ರಗಳನ್ನು ಮಾತ್ರ ನೋಡಿ, ಅದು ಮರಕ್ಕೆ ಜೋತುಬೀಳುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಅಳಿದುಹೋದ ದೈತ್ಯ ಬಂಧುವೆಂದು ಗುರುತಿಸಿ, ಮೆಗಾಥೀರಿಯಂ ಎಂದು ಹೆಸರಿಟ್ಟನು.

ಚಿತ್ರ ನೋಡಿ ಗುರುತು ಹೇಳಬಹುದೆಂಬ ಧೈರ್ಯ ಬಂದ ಮೇಲೆ ಆತನು ಒಂದು ಕೆಲಸ ಮಾಡಿದನು. ಅದನ್ನೇ ಆತನ ಬಾಳಿನ ಅತಿ ದೊಡ್ಡ ಕಾರ್ಯವೆಂದು ನಾವು ಎಣಿಸುತ್ತೇವೆ. 1800ರ ಕೊನೆಗೆ ಒಂದು ಚಿಕ್ಕ ಪ್ರಕಟಣೆಯನ್ನು ಅಚ್ಚು ಮಾಡಿಸಿದನು. ಅದನ್ನು ಉದ್ದೇಶಿಸಿದುದು ಪಂಡಿತರನ್ನು ಮಾತ್ರವಲ್ಲ, ಶಾಸ್ತ್ರಗಳಲ್ಲಿ ಅಭಿರುಚಿಯುಳ್ಳ ಹವ್ಯಾಸಿಗಳನ್ನು ಸಹ. ನೆಲದೊಳಗಿನ ಎಲುಬುಗಳಿಂದ ತಾನು ಅದುವರೆಗೆ ಗುರುತಿಸಿದ್ದ ಇಪ್ಪತ್ತಮೂರು ಜಾತಿಗಳ ವಿವರವನ್ನು ಅದರಲ್ಲಿ ಕೊಟ್ಟು, ನಿಮ್ಮಲ್ಲಿ ಏನಿದೆಯೋ ತಿಳಿಸಿರಿ, ವಸ್ತುವನ್ನು ಕಳುಹಿಸಲಾಗದಿದ್ದರೆ ನಿಷ್ಕೃಷ್ಟವಾದ ಚಿತ್ರವನ್ನಾದರೂ ಕಳುಹಿಸಿರಿ ಎಂದು ಕೋರಿಕೊಂಡನು. ಯೂರೋಪೆಲ್ಲ ಯುದ್ಧದಲ್ಲಿ ಮುಳುಗಿದ್ದ ಕಾಲವದು. ಆದರೂ ಹಾಲೆಂಡಿನಿಂದ, ಇಟಲಿಯಿಂದ, ಜರ್ಮನ್ ಸೀಮೆಗಳಿಂದ ಚಿತ್ರಗಳೂ ಅಚ್ಚಿಗೆ ಸುರಿದ ಪ್ರತಿರೂಪಗಳೂ ಬರತೊಡಗಿದವು. ಅಮೆರಿಕದ ರಾಷ್ಟ್ರಾಧ್ಯಕ್ಷನಾಗಿದ್ದ ಜೆಫರ್ಸನ್ನನು 1808ರಲ್ಲಿ ಎಲುಬುಗಳ ಪೆಟ್ಟಿಗೆಯನ್ನೇ ಪ್ಯಾರಿಸ್ಸಿಗೆ ಕಳುಹಿಸಿಕೊಟ್ಟನು. ಕಳುಹಿಸಿದವರ ಹೆಸರನ್ನು ಕ್ಯೂವಿಯೇ ತನ್ನ ಲೇಖನಗಳಲ್ಲಿ ಕಾಣಿಸುತ್ತಿದ್ದನು. ಯಾವುದೋ ಊರಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಲ್ಲೊಂದಕ್ಕೆ ಹೆಸರು ಬಂದಿತು. ಅದನ್ನು ಕಾಪಾಡಿಟ್ಟಿದ್ದವನಿಗೂ ಹೆಸರು ಬಂದಿತು.

ಗುರುತಿಸುವ ಬಗೆ ಎಂತಹುದು? ಪ್ರಾಣಿಯ ಅಂಗಗಳು ಬಿಡಿಬಿಡಿಯಾಗಿ ಸೇರಿಸಿದವಲ್ಲ, ಒಂದಕ್ಕೊಂದು ಹೊಂದಿಕೊಂಡೇ ಇರತಕ್ಕವು ಎಂಬುದು ಆತನ ಸೂತ್ರ. ಮಾಂಸವನ್ನು ಹರಿಯುವ ಹಲ್ಲಿದ್ದರೆ ಅದಕ್ಕೆ ತಕ್ಕ ದವಡೆಯ ಕೀಲು ಇರಬೇಕು. ಬೇಟೆಯನ್ನು ಹಿಡಿಯುವ ಉಗುರುಗಳೂ ಓಡುವ ಕಾಲುಗಳೂ ಅರಗಿಸುವ ಕರುಳೂ ಇರಬೇಕು. ಗೊರಸುಳ್ಳ ಪ್ರಾಣಿಯಾದರೆ ಮೇವನ್ನು ಅರೆಯುವ ಹಲ್ಲೇ ಇರತಕ್ಕದ್ದು. ವ್ಯಾಕರಣ ಬಲ್ಲವನು ಒಂದು ಪ್ರತ್ಯಯವನ್ನು ಕಂಡು ಅದು ಎಂಥ ಪ್ರಕೃತಿಗೆ ಹತ್ತುವುದೆಂದು ಹೇಳುವುದಿಲ್ಲವೆ, ಅದೇ ತೆರದಲ್ಲಿ. ಆದರೆ ಒಂದೇ ಎಲುಬಿನಿಂದ ಇಡೀ ಪ್ರಾಣಿಯನ್ನು ಮಂತ್ರದಿಂದೆಂಬಂತೆ ಎಬ್ಬಿಸುತ್ತಿದ್ದನೆಂದು ಜನರು ಬೆಳೆಸಿದ ಕಥೆಯನ್ನು ನಾವು ಹಾಗೆಯೇ ಒಪ್ಪುವುದಿಲ್ಲ. ಆತನ ನಿಜವಾದ ಬಲವು ಹೋಲಿಕೆಯಲ್ಲಿದ್ದಿತು. ಬದುಕಿರುವ ಪ್ರಾಣಿಗಳ ಎಲುಬುಗೂಡುಗಳನ್ನು ಕೋಣೆಕೋಣೆಯಾಗಿ ಜೋಡಿಸಿಟ್ಟು, ಬಂದ ಚೂರನ್ನು ಹಿಡಿದು ಒಂದೊಂದರ ಮುಂದೆಯೂ ನಿಂತು ನೋಡುವ ತಾಳ್ಮೆ ಆತನಿಗಿದ್ದಿತು. ಈ ದುಡಿಮೆಯಲ್ಲಿ ಬಲಗೈಯಾಗಿದ್ದವನು ಲೋರಿಯಾರ್ ಎಂಬುವನು, ಅವನೂ ಮೋಂಬೇಲಿಯಾರಿನವನೇ.

ಆ ಬಲವನ್ನು ಲೋಕವು ಕಣ್ಣಾರೆ ಕಂಡುದು 1804ರ ಸುಮಾರಿನಲ್ಲಿ. ಪ್ಯಾರಿಸ್ಸಿಗೆ ಹೊಂದಿದ ಮೋಂಮಾರ್ತ್ರ್ ದಿಣ್ಣೆಯಲ್ಲಿ ಜಿಪ್ಸಮ್ ಕಲ್ಲಿನ ಗಣಿಗಳಿದ್ದವು. ಅಲ್ಲಿಯ ಕಲ್ಲೊಂದು ಎರಡು ಹೋಳಾಗಿ, ಹೋಳುಗಳ ನಡುವೆ ಪುಟ್ಟ ಪ್ರಾಣಿಯೊಂದರ ಎಲುಬುಗೂಡು ಕಾಣಿಸಿತು. ಹಲ್ಲು ಮತ್ತು ದವಡೆಗಳನ್ನು ನೋಡಿದ ಕ್ಯೂವಿಯೇ, ಅದು ಅಮೆರಿಕದಲ್ಲಿರುವ ಅಪೋಸಮ್ ಎಂಬ, ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊರುವ ಪ್ರಾಣಿಯ ಕುಲದ್ದೆಂದನು. ಆ ಕುಲದವಕ್ಕೆ ವಸ್ತಿಯ ಮುಂದೆ ಎರಡು ವಿಶೇಷ ಎಲುಬುಗಳಿರುತ್ತವೆ. ಇಲ್ಲಿ ಅವು ಇನ್ನೂ ಕಲ್ಲಿನೊಳಗೆ ಹುದುಗಿದ್ದವು. ಆತನು ಸಾಕ್ಷಿಗಳನ್ನು ಕರೆಸಿ, ಎಲುಬುಗಳು ಎಲ್ಲಿರಬೇಕೆಂದು ಮುಂದಾಗಿಯೇ ಹೇಳಿ, ಉಕ್ಕಿನ ಸಣ್ಣ ಸೂಜಿಯಿಂದ ಕಲ್ಲನ್ನು ಕೆರೆಯತೊಡಗಿದನು. ಕೆಳಗಿನದನ್ನು ಕಾಣಲು ಮೇಲಿದ್ದ ಕೆಲವು ಬೆನ್ನೆಲುಬಿನ ತುಂಡುಗಳನ್ನು ಬಲಿಗೊಡಬೇಕಾಯಿತು. ಊಹೆ ಸುಳ್ಳಾದರೆ ಎರಡೂ ನಷ್ಟ. ಹೇಳಿದ ಸ್ಥಳದಲ್ಲಿಯೇ ಎರಡು ಎಲುಬುಗಳೂ ಇದ್ದವು.

ಹಾಲೆಂಡಿನ ಹಾರ್ಲೆಂ ಪಟ್ಟಣದಲ್ಲಿ ನಡೆದುದೂ ಇಂತಹುದೇ. ಜೂರಿಕ್ ನಗರದ ವೈದ್ಯನಾದ ಶೊಯಿಖ್‌ಜರನು 1726ರಲ್ಲಿ ಕಲ್ಲೊಂದರೊಳಗಿನ ಎಲುಬುಗೂಡನ್ನು ಜಲಪ್ರಳಯದಲ್ಲಿ ಸತ್ತ ಮನುಷ್ಯನದೆಂದು ಪ್ರಕಟಿಸಿದ್ದನು. ಪಾಪಿಯಾದ ಪೂರ್ವಕಾಲದ ಮಾನವನೆಂದು ಅದರ ಕೀರ್ತಿ ಹರಡಿ, ಕಲ್ಲು ಕೈಯಿಂದ ಕೈಗೆ ಸಾಗಿ, ಹಾರ್ಲೆಮಿನ ಟೈಲರ್ ವಸ್ತುಸಂಗ್ರಹಾಲಯವನ್ನು ಸೇರಿತು. ಅದು ನೀರಿನಲ್ಲಿ ಬಾಳುವ, ಹಲ್ಲಿಯಾಕಾರದ ಸಾಲಮಾಂಡರ್ ಎಂಬ ಪ್ರಾಣಿಯ ದೈತ್ಯಜಾತಿಯೆಂದು ಕ್ಯೂವಿಯೇ ಚಿತ್ರವನ್ನು ನೋಡಿಯೇ ತೀರ್ಮಾನಿಸಿದ್ದನು. 1811ರಲ್ಲಿ ಅಲ್ಲಿಗೆ ಹೋದಾಗ ಕಲ್ಲನ್ನು ಕೆತ್ತಿ ನೋಡಲು ಅನುಮತಿ ಪಡೆದು, ಸಾಲಮಾಂಡರಿನ ಎಲುಬುಗೂಡಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಉಳಿಯನ್ನು ಹಿಡಿದನು. ಚಿತ್ರದಲ್ಲಿದ್ದಂತೆಯೇ ಮುಂಗಾಲುಗಳು ಹೊರಬಂದವು. ಮುಂದಿನ ಪಂಡಿತರು ಆ ಜಾತಿಯ ಹೆಸರಿನಲ್ಲಿ ಶೊಯಿಖ್‌ಜರನ ಹೆಸರನ್ನೇ ಸೇರಿಸಿದರು. ತಪ್ಪಾಗಿ ಹೇಳಿದವನಾದರೂ ಕಲ್ಲನ್ನು ಜೋಪಾನ ಮಾಡಿದವನು ಅವನೇ ಅಲ್ಲವೆ?

ಮಾಸ್‌ಟ್ರಿಕ್ಟ್ ಎಂಬ ಇನ್ನೊಂದು ಗಡಿಯೂರಿನ ಸುಣ್ಣಕಲ್ಲಿನ ಗಣಿಯಲ್ಲಿ 1780ರ ಸುಮಾರಿಗೆ ಭಾರಿ ದವಡೆಗಳು ದೊರೆತಿದ್ದವು. ಅಲ್ಲಿಯ ಶಸ್ತ್ರವೈದ್ಯನೂ ಸಂಗ್ರಾಹಕನೂ ಆದ ಹಾಫ್‌ಮನ್ನನು ಇಂಥ ಎಲುಬುಗಳನ್ನು ಮೊಸಳೆಯವೆಂದನು; ಹಾಲೆಂಡಿನ ಹಿರಿಯ ಕ್ಯಾಂಪರನು ತಿಮಿಂಗಿಲದವೆಂದನು; ಆತನ ಮಗನು ತಂದೆಯ ಮಾತನ್ನು ಬಿಟ್ಟು ಉಡದ ಜಾತಿಗೆ ಸಮೀಪವೆಂದನು. 1794ರಲ್ಲಿ ಫ್ರೆಂಚ್ ಸೇನೆಯು ಊರನ್ನು ಹಿಡಿದಾಗ ದವಡೆಯೂ ಪ್ಯಾರಿಸ್ಸಿಗೆ ಸಾಗಿತು. ಅದನ್ನು ಹುಡುಕಿ ತಂದ ಸಿಪಾಯಿಗಳಿಗೆ ಆರುನೂರು ಸೀಸೆ ದ್ರಾಕ್ಷಾರಸದ ಇನಾಮು ಸಿಕ್ಕಿತೆಂಬ ಕಥೆಯುಂಟು. ಕಥೆಯೆಂದೇ ಓದಿಕೊಳ್ಳುವುದು ಲೇಸು. 1808ರಲ್ಲಿ ಕ್ಯೂವಿಯೇ ಮಗ ಕ್ಯಾಂಪರನ ಮಾತೇ ಸರಿಯೆಂದು ಸ್ಥಾಪಿಸಿದನು. ಅದು ಉಡದ ಬಂಧುವಾದ, ಕಡಲಿನಲ್ಲಿ ಈಜುತ್ತಿದ್ದ ಮಹಾಸರೀಸೃಪ. ದವಡೆ ಇಂದಿಗೂ ಪ್ಯಾರಿಸ್ಸಿನಲ್ಲಿದೆ. 2009ರಲ್ಲಿ ಅದು ಕೆಲಕಾಲ ಎರವಲಾಗಿ ತವರೂರಿಗೆ ಬಂದಿದ್ದಿತು.

ಈ ಲೇಖನಗಳನ್ನೆಲ್ಲ ಒಟ್ಟುಮಾಡಿ 1812ರಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದನು. ಪದವಿಗಳು ಒಂದರ ಮೇಲೊಂದು ಬಂದವು. ನೆಪೋಲಿಯನ್ನನ ಕಾಲದಲ್ಲಿಯೂ, ಅನಂತರ ಮರಳಿ ಬಂದ ಅರಸರ ಕಾಲದಲ್ಲಿಯೂ, 1830ರ ಕ್ರಾಂತಿಯ ಮೇಲೆಯೂ ಆತನು ಅಧಿಕಾರದಲ್ಲಿಯೇ ಇದ್ದನು. ಇದನ್ನು ಚಾತುರ್ಯವೆನ್ನಬೇಕೊ ಬೇರೆ ಏನೆನ್ನಬೇಕೊ ಓದುಗರೇ ನಿರ್ಣಯಿಸಲಿ. ಹೀಗೆ ಆತನ ಮಾತಿನ ತೂಕವು ಏರುತ್ತ ಹೋದಂತೆ ಅದು ತಪ್ಪಿದಾಗ ಆಗುವ ಹಾನಿಯೂ ಏರಿತು.

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಊರಿನಲ್ಲಿ ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯನಿದ್ದನು. ಚಮ್ಮಾರನ ಮಗ, ಹಗಲಿರುಳು ರೋಗಿಗಳ ಮನೆಗಳಿಗೆ ಅಲೆದಾಡುತ್ತ, ಉಳಿದ ವೇಳೆಯಲ್ಲಿ ಕಲ್ಲುಗಳ ಹುಚ್ಚು. ಆತನಿಗೆ ಆ ಸೀಮೆಯ ಗಣಿಯಿಂದ, ಮೇವನ್ನು ಅರೆದು ಸವೆದಂತಿದ್ದ ದೊಡ್ಡ ಹಲ್ಲುಗಳು ದೊರೆತವು. ಕಲ್ಲಿನ ಪದರವು ಬಹು ಪ್ರಾಚೀನವಾದುದು. ಅಷ್ಟು ಹಿಂದೆ ಮೇವನ್ನು ಅರೆಯುವ ಸಸ್ತನಿಗಳಿರಲಿಲ್ಲ. ಹಾಗಾದರೆ ಸೊಪ್ಪು ತಿನ್ನುವ ಸರೀಸೃಪವೇ? ಅಂಥದನ್ನು ಯಾರೂ ಕಂಡಿರಲಿಲ್ಲ. ಲಂಡನ್ನಿನ ಪಂಡಿತರು 1822ರಲ್ಲಿ ಹಲ್ಲುಗಳನ್ನು ನೋಡಿ ಹೆಚ್ಚಿನ ಬೆಲೆ ಕೊಡಲಿಲ್ಲ. 1823ರಲ್ಲಿ ಆತನ ಮಿತ್ರನಾದ ಲಯಲ್ ಒಂದು ಹಲ್ಲನ್ನು ಪ್ಯಾರಿಸ್ಸಿಗೆ ಒಯ್ದು, ಕ್ಯೂವಿಯೇ ಮನೆಯ ಸಂಜೆಯ ಕೂಟದಲ್ಲಿ ತೋರಿಸಿದನು. ಕ್ಯೂವಿಯೇ ಒಮ್ಮೆ ನೋಡಿ, ಅದು ಖಡ್ಗಮೃಗದ ಬಾಚಿಹಲ್ಲೆಂದುಬಿಟ್ಟನು.

ಆ ಒಂದು ಮಾತಿನಿಂದ ಮ್ಯಾಂಟೆಲ್ಲನ ಸ್ಥಿತಿ ಏನಾಗಿರಬೇಡ! ಯೂರೋಪಿನಲ್ಲಿ ಅದಕ್ಕಿಂತ ಮೇಲಿನ ನ್ಯಾಯಸ್ಥಾನವಿರಲಿಲ್ಲ. ಆದರೆ ಹಲ್ಲನ್ನು ತೆಗೆದ ಪದರವನ್ನು ತನ್ನ ಕಣ್ಣಿನಿಂದ ಕಂಡಿದ್ದವನು ಮ್ಯಾಂಟೆಲ್ಲನೇ ಹೊರತು ಕ್ಯೂವಿಯೇ ಅಲ್ಲ. ಆತನು ಸೋಲಲಿಲ್ಲ. ಇನ್ನಷ್ಟು ಹಲ್ಲುಗಳನ್ನು ಕೂಡಿಸಿ 1824ರಲ್ಲಿ ಮತ್ತೆ ಕಳುಹಿಸಿದನು. ಈ ಸಲ ಕ್ಯೂವಿಯೇ ಕುಳಿತು ನೋಡಿದನು. ಇದು ತಾನು ಅರಿಯದ ಪ್ರಾಣಿಯೆಂದೂ, ಸಸ್ಯಾಹಾರಿಯಾದ ಸರೀಸೃಪವಾಗಿರಬಹುದೆಂದೂ ಜೂನ್ ತಿಂಗಳಲ್ಲಿ ಬರೆದು ತಿಳಿಸಿದನು. ಅಷ್ಟಕ್ಕೆ ಬಿಡದೆ, ತಾನು ಮೊದಲು ತಪ್ಪಿದೆನೆಂಬುದನ್ನು ಅದೇ ವರ್ಷ ಅಚ್ಚಾದ ತನ್ನ ಮಹಾಗ್ರಂಥದ ಸಂಪುಟದಲ್ಲಿಯೇ ಒಪ್ಪಿಕೊಂಡನು. ಮ್ಯಾಂಟೆಲ್ಲನು ಲಂಡನ್ನಿನ ಶಸ್ತ್ರವೈದ್ಯರ ಸಂಗ್ರಹಾಲಯದಲ್ಲಿ ಹೋಲಿಕೆಯನ್ನು ಹುಡುಕುತ್ತಿದ್ದಾಗ, ಅಲ್ಲಿದ್ದ ಸ್ಟಚ್‌ಬರಿ ಎಂಬುವನು ಅಮೆರಿಕದ ಇಗ್ವಾನ ಎಂಬ ದೊಡ್ಡ ಓತಿಯ ಹಲ್ಲನ್ನು ತೋರಿಸಿದನು. ಆಕಾರ ಅದೇ, ಗಾತ್ರ ಮಾತ್ರ ಹಲವು ಪಟ್ಟು. 1825ರಲ್ಲಿ ಇಗ್ವಾನೊಡಾನ್ ಎಂಬ ಹೆಸರು ಬಂದಿತು; ಡೈನೋಸಾರ್ ಎಂಬ ಶಬ್ದವು ಹುಟ್ಟುವುದಕ್ಕೆ ಇನ್ನೂ ಹದಿನೇಳು ವರ್ಷಗಳಿದ್ದವು. ಇಂಗ್ಲೆಂಡಿನ ಕಡಲತಡಿಯಲ್ಲಿ ಪಳೆಯುಳಿಕೆಗಳನ್ನು ಹೆಕ್ಕಿ ಮಾರಿ ಜೀವಿಸುತ್ತಿದ್ದ ಮೇರಿ ಆ್ಯನಿಂಗ್ ಎಂಬ ಬಡ ಹೆಣ್ಣುಮಗಳು 1823ರ ಕೊನೆಗೆ ತೆಗೆದ ಉದ್ದ ಕತ್ತಿನ ಕಡಲಪ್ರಾಣಿಯ ವಿಷಯದಲ್ಲಿಯೂ ಕ್ಯೂವಿಯೇ ಮೊದಲು ಶಂಕಿಸಿದನು. ಅಷ್ಟುದ್ದದ ಕತ್ತು ಆತನ ನಿಯಮಕ್ಕೆ ಒಗ್ಗಲಿಲ್ಲ. ಪರಿಶೀಲನೆಯಾದ ಮೇಲೆ ಆಕೆಯ ಪ್ರಾಣಿಯು ನಿಜವಾದುದೆಂದು ಒಪ್ಪಿದನು.

ಎಲ್ಲ ವಿಷಯಗಳಲ್ಲಿಯೂ ಆತನು ಹೀಗೆ ಬಾಗಲಿಲ್ಲ. ಜೀವಜಾತಿಗಳು ಕಾಲಕ್ರಮದಲ್ಲಿ ಮಾರ್ಪಡುತ್ತವೆಂದ ಸಹೋದ್ಯೋಗಿ ಲಮಾರ್ಕನನ್ನು ಕಡೆಯವರೆಗೂ ಅಲ್ಲಗಳೆದನು. ಮನುಷ್ಯರ ಬಣ್ಣಗಳಲ್ಲಿ ಮೇಲುಕೀಳುಗಳನ್ನು ಎಣಿಸಿದನು. ದಕ್ಷಿಣ ಆಫ್ರಿಕದಿಂದ ತಂದು ಯೂರೋಪಿನ ಸಂತೆಗಳಲ್ಲಿ ಪ್ರದರ್ಶಿಸಲ್ಪಟ್ಟ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳು 1815ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ, ಆಕೆಯ ದೇಹವನ್ನು ಕೊಯ್ದು ಸಂಗ್ರಹಾಲಯದ ವಸ್ತುವನ್ನಾಗಿ ಮಾಡಿದವನು ಈ ಕ್ಯೂವಿಯೇ. ಆಕೆಯ ಅಸ್ಥಿಗಳು ತಾಯ್ನಾಡಿನ ಮಣ್ಣನ್ನು ಸೇರಿದುದು 2002ರಲ್ಲಿ. ಹಾರ್ಲೆಮಿನ ಕಲ್ಲಿನಲ್ಲಿ ಮನುಷ್ಯನಿಲ್ಲವೆಂದು ಕಂಡ ಕಣ್ಣಿಗೆ ತನ್ನೆದುರಿನಲ್ಲಿದ್ದ ಮನುಷ್ಯಳು ಕಾಣಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಚರಿತ್ರೆ ಬರೆದಂತಾಗದು.

ಗೃಹಸ್ಥನಾಗಿ ಆತನು ಪಟ್ಟ ದುಃಖವೂ ಅಲ್ಪವಲ್ಲ. ಕ್ರಾಂತಿಯಲ್ಲಿ ಗಂಡನನ್ನು ಕಳೆದುಕೊಂಡು ನಾಲ್ಕು ಮಕ್ಕಳೊಡನೆ ಇದ್ದ ವಿಧವೆಯನ್ನು 1804ರಲ್ಲಿ ಮದುವೆಯಾದನು. ತನಗೆ ಹುಟ್ಟಿದ ನಾಲ್ವರೂ ತನಗಿಂತ ಮೊದಲೇ ತೀರಿಕೊಂಡರು. ಕೊನೆಗುಳಿದಿದ್ದ ಮಗಳು ಕ್ಲೆಮೆಂಟೀನ್ 1827ರಲ್ಲಿ ಮದುವೆಯ ಸಿದ್ಧತೆಯ ನಡುವೆ ಮರಣ ಹೊಂದಿದಳು. ಹೆಂಡತಿಯ ಮೊದಲ ಮಕ್ಕಳಲ್ಲೊಬ್ಬನಾದ ಆಲ್ಫ್ರೆಡ್ ದ್ಯುವೊಸೆಲ್ ಪ್ರಾಣಿಗಳನ್ನು ಸಂಗ್ರಹಿಸಲೆಂದು 1818ರಲ್ಲಿ ನಮ್ಮ ದೇಶಕ್ಕೆ ಬಂದನು. ಚಂದ್ರನಗರದಲ್ಲಿ ನೆಲೆಸಿ ಪೆಟ್ಟಿಗೆ ಪೆಟ್ಟಿಗೆಯಾಗಿ ಪ್ಯಾರಿಸ್ಸಿಗೆ ಸಾಮಗ್ರಿಯನ್ನು ಕಳುಹಿಸಿದ ಆ ಯುವಕನು 1824ರಲ್ಲಿ ಮದರಾಸಿನಲ್ಲಿ ಕಾಲವಾದನು. ಅದಕ್ಕೆ ಒಂದು ವರ್ಷ ಮೊದಲು ಕ್ಯೂವಿಯೇ ಉತ್ತರ ಹಿಂದುಸ್ತಾನದ ಬಾರಸಿಂಗ ಎಂಬ ಜಿಂಕೆಗೆ ಶಾಸ್ತ್ರೀಯ ನಾಮವನ್ನಿಡುವಾಗ ಆ ಮಗನ ಹೆಸರನ್ನೇ ಇಟ್ಟಿದ್ದನು. ಆ ಜಿಂಕೆಯು ಇಂದಿಗೂ ಶಾಸ್ತ್ರಗ್ರಂಥಗಳಲ್ಲಿ ದ್ಯುವೊಸೆಲ್ಲನ ಹೆಸರನ್ನೇ ಹೊತ್ತಿದೆ.

1832ರ ವಸಂತದಲ್ಲಿ ಪ್ಯಾರಿಸ್ಸಿನಲ್ಲಿ ಕಾಲರಾ ಹಬ್ಬಿದ್ದಿತು. ಕ್ಯೂವಿಯೇ ಮೇ 8ರಂದು ಎಂದಿನಂತೆ ಉಪನ್ಯಾಸ ಮಾಡಿದನು. ಒಂದೆರಡು ದಿನಗಳಲ್ಲಿಯೇ ಪಾರ್ಶ್ವವಾಯುವಿನ ಲಕ್ಷಣಗಳು ಕಾಣಿಸಿದವು. ಕೈ ಸೋತಿತು, ಗಂಟಲು ಸೋತಿತು. 13ರಂದು ಪ್ರಾಣ ಹೋಯಿತು. ಮಾಡಬೇಕೆಂದು ಎತ್ತಿಟ್ಟಿದ್ದ ಕೆಲಸಗಳು ಇನ್ನೂ ಇದ್ದವು. ತಮ್ಮನಾದ ಫ್ರೆಡೆರಿಕನು ಮಹಾಗ್ರಂಥವನ್ನು ಮರುಮುದ್ರಣಕ್ಕೆ ಅಣಿಗೊಳಿಸಿದನು; ಮೋಂಬೇಲಿಯಾರಿನ ಲೋರಿಯಾರನು ಒಡೆಯನು ಬಿಟ್ಟುಹೋದ ಅಂಗರಚನೆಯ ಚಿತ್ರಗಳನ್ನು ವಿಂಗಡಿಸಿ ಅಚ್ಚಿಗೆ ಸಿದ್ಧಪಡಿಸುವುದರಲ್ಲಿ ತೊಡಗಿದನು.